ಮಿಸ್ತ್ರಿ ಸತ್ತ ಕಂತು

ಆ ಶನಿವಾರ ಮತ್ತಿಘಟ್ಟದ ತಾಳಮದ್ದಲೆಗೆ ಬ್ಯಾಟರಿ ಕೊಡದೆ ಇದ್ದಿದ್ದರೆ ರಘುಪತಿ ಭಟ್ಟ ಲೇಖಕನೂ ಆಗುತ್ತಿರಲಿಲ್ಲ, ಮುಂದಿನ ಶನಿವಾರದೊಳಗೆ ಕಳ್ಳನೂ ಆಗುತ್ತಿರಲಿಲ್ಲ.

ಶಿರಸಿಯಲ್ಲಿ ದೇವಿಕೆರೆಯಿಂದ ಮೇಲೆ ಹತ್ತುವ ಒಂದು ಓಣಿಯಲ್ಲಿ ಅವನ ಟಿವಿ ರಿಪೇರಿ ಅಂಗಡಿ. ತೊಂಬತ್ನಾಲ್ಕನೇ ಇಸವಿಯ ಮಾತು ಇದು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಟಿವಿಯಲ್ಲಿ ‘ವಾಯುರಥ’ ಎಂಬ ಹಿಂದಿ ಧಾರಾವಾಹಿ ಬರುತ್ತಿತ್ತು. ಆಕಾಶದಲ್ಲಿ ದಾರಿ ತಪ್ಪಿದ ಒಂದು ಹಡಗು, ಅದರಲ್ಲಿ ಒಬ್ಬ ಕಪ್ತಾನ, ನಾಲ್ಕು ಜನ ಹುಡುಗರು, ಯಂತ್ರ ನೋಡಿಕೊಳ್ಳಲು ಒಬ್ಬ ಮುದುಕ ಮಿಸ್ತ್ರಿ. ವಾರಕ್ಕೊಂದು ಗ್ರಹ, ವಾರಕ್ಕೊಂದು ಗಂಡಾಂತರ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನವರು ಭಾನುವಾರದ ತಿಂಡಿಯನ್ನು ಒಂಬತ್ತೂವರೆಗೇ ಮುಗಿಸಿ ಕಾಯುತ್ತಿದ್ದರು. ಕರೆಂಟೂ ಕಾದುಕೊಂಡಿದ್ದಂತೆ ಎಷ್ಟೋ ಸಲ ಅದೇ ಹೊತ್ತಿಗೆ ಹೋಗುತ್ತಿತ್ತು.

ಹಾಗೆ ಹೋದ ದಿನ ರಘುಪತಿ ಜೀಪಿನ ಹಳೆಯ ಬ್ಯಾಟರಿಗೆ ಅಂಗೈ ಅಗಲದ ಒಂದು ಕಪ್ಪು ಬಿಳುಪು ಸೆಟ್ಟನ್ನು ಜೋಡಿಸಿಕೊಂಡು, ಮೂಗು ತಾಗುವಷ್ಟು ಹತ್ತಿರ ಕೂತು ಒಬ್ಬನೇ ನೋಡುತ್ತಿದ್ದ. ಸೋಮವಾರ ಬೆಳಿಗ್ಗೆ ಓಣಿಯವರೆಲ್ಲ ಅಂಗಡಿಗೆ ಬಂದು ಸಿಕ್ಕಿದ್ದರ ಮೇಲೆ ಕೂತು, “ಹೇಳಿ ಭಟ್ರೆ, ಎಂತ ಆಯ್ತು?” ಅನ್ನುತ್ತಿದ್ದರು. ಅವನು ಹೇಳುತ್ತಿದ್ದ. ಇದು ಎರಡು ವರ್ಷದಿಂದ ನಡೆದುಬಂದ ರೂಢಿ. ಯಾರೂ ಅದಕ್ಕೆ ಅವನನ್ನು ಹೊಗಳಿದವರಲ್ಲ, ಹೇಳದಿದ್ದರೆ ಬೈಯುತ್ತಿದ್ದರು ಅಷ್ಟೆ.

ಅಕ್ಟೋಬರಿನ ಆ ಶನಿವಾರ ಮತ್ತಿಘಟ್ಟದ ಗಣಪ ಹೆಗಡೆಯವರು ಬಂದು ತಾಳಮದ್ದಲೆಯ ಮೈಕಿಗೆ ಬ್ಯಾಟರಿ ಒಯ್ದರು. ಮಾರನೆಯ ದಿನ ‘ವಾಯುರಥ’ದ ಶುರುವಿನ ಹಾಡು ಮುಗಿಯುವ ಮೊದಲೇ ಗುಡುಗು ಬಂದು ಮೂರೂ ತಾಲೂಕಿನ ಕರೆಂಟು ಒಟ್ಟಿಗೇ ಹೋಯಿತು. ರಘುಪತಿ ಕೈಕಟ್ಟಿ ಕೂತ. ಹಿಂದಿನ ವಾರ ಹಡಗಿಗೆ ಭೂಮಿಯ ಸಂಪರ್ಕ ತಪ್ಪಿಹೋಗಿತ್ತು. ಈಗ ಅಲ್ಲಿ ಏನಾಗುತ್ತಿರಬಹುದು? ಯೋಚಿಸುತ್ತ ಕೂತವನು ಬಿಲ್ ಪುಸ್ತಕ ಎಳೆದುಕೊಂಡು ಅದರ ಹಿಂಬದಿಗೆ ಬರೆಯಲು ಶುರು ಮಾಡಿದ. ಕರೆಂಟು ಸಂಜೆ ನಾಲ್ಕಕ್ಕೆ ಬಂತು. ಅವನಿಗೆ ಅದು ಬಂದದ್ದೂ ಗೊತ್ತಾಗಲಿಲ್ಲ.

ಅವನ ಕತೆ ಇಷ್ಟು: ಹಡಗಿನ ನೆತ್ತಿಯ ಮೇಲಿನ ಅಂಟೆನಾ ಮುರಿದು ವಾಲಿದೆ. ಭೂಮಿಯಿಂದ ದಾರಿ ತೋರಿಸುವ ಸಂದೇಶ ಬರುತ್ತಿದೆ, ಹಿಡಿಯುವವರಿಲ್ಲ. ಹುಡುಗರನ್ನೆಲ್ಲ ಒಳಗೆ ನೂಕಿ ಮುದುಕ ಮಿಸ್ತ್ರಿ ತಾನೇ ಹೊರಗೆ ಹತ್ತುತ್ತಾನೆ. ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ತಿರುಗಿಸುತ್ತ, “ಬಂತಾ?” ಅನ್ನುತ್ತಾನೆ. ಕೆಳಗಿನಿಂದ “ಇಲ್ಲ” ಅನ್ನುತ್ತಾರೆ. ಇನ್ನಷ್ಟು ತಿರುಗಿಸುತ್ತಾನೆ. “ಬಂತಾ?” “ಬಂತು! ಅಲ್ಲೇ ಇರಲಿ!” ಕೈ ಬಿಟ್ಟರೆ ಸಂದೇಶ ಹೋಗುತ್ತದೆ. ಕೈ ಬಿಡದಿದ್ದರೆ ಬೆನ್ನಿನ ಡಬ್ಬಿಯ ಉಸಿರು ಮುಗಿಯುತ್ತದೆ. ಮಿಸ್ತ್ರಿ ಕೈ ಬಿಡುವುದಿಲ್ಲ. ಹಡಗು ದಾರಿ ಹಿಡಿದ ಮೇಲೆ ಹುಡುಗರು ಹತ್ತಿ ನೋಡಿದರೆ ಅವನು ಕಂಬ ಹಿಡಿದುಕೊಂಡೇ ಇದ್ದಾನೆ.

ಹತ್ತು ವರ್ಷದಿಂದ ಮಂದಿಯ ಮಾಡು ಹತ್ತಿ ಅಂಟೆನಾ ತಿರುಗಿಸುತ್ತ ಬಂದವನಿಗೆ ಈ ಕತೆ ಬೇರೆಲ್ಲಿಂದಲೂ ಬರಬೇಕಾಗಿರಲಿಲ್ಲ. ಚಿತ್ರ ಬಂತು ಅಂತ ಕೆಳಗಿನವರು ಕೂಗುವಾಗ ಮೇಲಿದ್ದವನಿಗೆ ಕಾಣುವುದು ಹಂಚು ಮತ್ತು ಕಾಗೆ. ಬರೆದು ಮುಗಿಸಿದಾಗ ಅವನ ಕಣ್ಣು ತುಂಬಿತ್ತು. ಹದಿನಾಲ್ಕು ವರ್ಷ ಅವನು ಪತ್ರಿಕೆಗಳಿಗೆ ಕತೆ ಕಳಿಸಿದ್ದ. ಎಲ್ಲವೂ ಹೋದ ಕವರಿನಷ್ಟೇ ಅಚ್ಚುಕಟ್ಟಾಗಿ ಹಿಂದೆ ಬಂದಿದ್ದವು. ಇದೊಂದು ಹಾಗೆ ಬರಲಾರದು ಅಂತ ಅವನಿಗೆ ಅನ್ನಿಸಿತು.

ಬರಲಿಲ್ಲ. ‘ಮೂರುದಾರಿ’ ವಾರಪತ್ರಿಕೆಯ ಸಂಪಾದಕ ವಾಮನ ಶಾನಭಾಗರು ಸೋಮವಾರ ಓದಿದರು, ಗುರುವಾರ ಅಚ್ಚು ಹಾಕಿದರು. ಮೇಲಿಂದ ಒಂದು ಮಾತನ್ನೂ ಕೊಟ್ಟರು. “ಓದುಗರ ಅಭಿಪ್ರಾಯ ಬರಲಿ ರಘುಪತಿ. ಒಳ್ಳೆಯದಿದ್ದರೆ ಪ್ರತಿ ವಾರ ನಿನ್ನದೇ ಒಂದು ಸ್ವಂತ ಕತೆ, ದಪ್ಪ ಅಕ್ಷರದಲ್ಲಿ ಹೆಸರು. ಶನಿವಾರ ಸಂಜೆ ಐದಕ್ಕೆ ಮುಂದಿನ ವಾರದ ಪುಟಗಳ ಪಟ್ಟಿ ಮಾಡುತ್ತೇನೆ. ಅಷ್ಟರೊಳಗೆ ಹೇಳುತ್ತೇನೆ.”

ಹಾಗಾಗಿ ಈ ಶನಿವಾರ ರಘುಪತಿ ಒಂಬತ್ತಕ್ಕೆ ತೆಗೆಯುವ ಅಂಗಡಿಯನ್ನು ಏಳೂವರೆಗೇ ತೆಗೆದ. ಎರಡು ಸಲ ಗುಡಿಸಿದ.

ಮೊದಲು ಬಂದವಳು ದ್ಯಾವಮ್ಮ. ಓಣಿಯ ಬಾಯಲ್ಲಿ ಬಸಳೆ, ಹರಿವೆ ಮಾರುವವಳು. ಅವಳಿಗೆ ಓದು ಬಾರದು. ಪಕ್ಕದ ಅಂಗಡಿಯ ಟೇಲರ್ ಮಂಜಪ್ಪ ಅವಳಿಗೆ ಕತೆಯನ್ನು ಗಟ್ಟಿಯಾಗಿ ಓದಿ ಹೇಳಿದ್ದ. ಬುಟ್ಟಿ ಇಳಿಸಿ ಕೂತವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

“ಅಲ್ರಾ ಭಟ್ರೆ, ಆ ಮುದ್ಕಂಗೆ ಮನೆ ಮಕ್ಳು ಅಂತ ಯಾರಾರೂ ಇದ್ರೇನ್ರಾ?”

ರಘುಪತಿಯ ಎದೆ ತುಂಬಿ ಬಂತು. ತಾನು ಬರೆದದ್ದಕ್ಕೆ ಒಬ್ಬರು ಅತ್ತರು! “ನಾನು ಅಷ್ಟೆಲ್ಲ ಯೋಚನೆ ಮಾಡ್ಲಿಲ್ಲ ದ್ಯಾವಮ್ಮ.”

“ಆ ಕಪ್ತಾನಾರೂ ಒಂದ್ಮಾತು ‘ಸಾಕು ಇಳಿ’ ಅನ್ಬೇಕಿತ್ತು. ಎರಡು ರಾತ್ರಿಯಿಂದ ನಂಗೆ ಅನ್ನ ಸೇರೂದಿಲ್ಲ. ಈ ಟೀವಿಯೋರಿಗೆ ಕರುಳು ಅನ್ನೂದೇ ಇಲ್ಲ.”

“ಟೀವಿಯವರಲ್ಲ, ದ್ಯಾವಮ್ಮ. ಅದು ನಾನು.”

“ನೀವೆಂತ ಮಾಡ್ತ್ರಿ ಪಾಪ.” ಅವಳು ಸಮಾಧಾನ ಮಾಡುವವಳ ಹಾಗೆ ಅವನ ಮೊಣಕೈ ಮುಟ್ಟಿದಳು. “ಬ್ಯಾಟ್ರಿಲಿ ನೋಡಿದ್ರಿ, ನೋಡಿದ್ದು ಬರದ್ರಿ. ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ.”

ಅವಳು ಒಂದು ಕಟ್ಟು ಬಸಳೆಯನ್ನು ಮೇಜಿನ ಮೇಲಿಟ್ಟು ಹೋದಳು. ರಘುಪತಿ ಬಸಳೆಯನ್ನೇ ನೋಡುತ್ತ ನಿಂತ. ಅವನಿಗೆ ಆಗ ಅರ್ಥವಾಯಿತು. ಎರಡು ವರ್ಷ ಕಂಡದ್ದನ್ನು ಕಂಡ ಹಾಗೆ ಹೇಳಿದ ಮನುಷ್ಯ ಒಂದು ದಿನ ಕಾಣದ್ದನ್ನು ಬರೆದರೆ ಯಾರಿಗೆ ಹೊಳೆಯಬೇಕು? ಓಣಿಯವರು ಅವನ ಕತೆಯನ್ನು ತಪ್ಪಿಹೋದ ಕಂತಿನ ವರದಿ ಅಂತಲೇ ಓದಿದ್ದರು. ಸೋಮವಾರ ಅವನು ಅಂಗಡಿ ಮುಚ್ಚಿ ಪತ್ರಿಕೆಯ ಕಚೇರಿಗೆ ಹೋಗಿದ್ದ; ಬಾಯಲ್ಲಿ ಹೇಳುವ ಬದಲು ಗುರುವಾರ ಅಚ್ಚಾಗಿದೆ, ಅಷ್ಟೇ ವ್ಯತ್ಯಾಸ.

ಅವನು ನೆಟ್ಟಗೆ ಮಂಜಪ್ಪನಲ್ಲಿಗೆ ಹೋದ. ಬನವಾಸಿ ಆಚೆಯವನಾದ ಮಂಜಪ್ಪ ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಪತ್ರಿಕೆ ಓದುವವನು. ಅಳತೆ ತೆಗೆಯುವಾಗಲೂ ಅಭಿಪ್ರಾಯ ಹೇಳದೆ ಬಿಡುವವನಲ್ಲ.

“ಮಂಜಪ್ಪ, ಆ ಕತೆ ಟೀವಿಲಿ ಬಂದಿದ್ದಲ್ಲ. ನಾನೇ ಕಟ್ಟಿದ್ದು. ದ್ಯಾವಮ್ಮಗೆ ನೀನೇ ಹೇಳು.”

ಮಂಜಪ್ಪ ಹೊಲಿಗೆ ಯಂತ್ರ ನಿಲ್ಲಿಸಿ, ಬಾಯಲ್ಲಿದ್ದ ಸೂಜಿ ತೆಗೆದ. “ಭಟ್ರ, ತಪ್ಪ ತಿಳ್ಕೋಬ್ಯಾಡ್ರಿ. ನೀವು ಸ್ಟೆಬಿಲೈಸರ್ ಕಟ್ತೀರಿ, ಖರೆ. ಕತಿ ಕಟ್ಟೂದು ಬ್ಯಾರೆ.”

“ದೇವರಾಣೆಗೂ ನಾನೇ ಕಟ್ಟಿದ್ದು ಮಾರಾಯ.”

“ಹಂಗಾದ್ರ ಮಿಸ್ತ್ರಿ ಸತ್ತಿಲ್ಲ?”

“ಟೀವಿಲಿ ಸತ್ತಿರ್ಲಿಕ್ಕಿಲ್ಲ. ಅಂಥವನನ್ನ ಯಾರು ಸಾಯಿಸ್ತಾರೆ?”

ಮಂಜಪ್ಪನ ಮುಖ ಗಂಭೀರವಾಯಿತು. “ಅಂದ್ರ, ಬದುಕಿರೋ ಮನಶ್ಯಾನ್ನ ನೀವು ಸತ್ತಾನಂತ ಪೇಪರಿನಾಗ ಹಾಕ್ಸೀರಿ. ಮೂರು ತಾಲೂಕಿನ ಮಂದೀನ್ನ ಸುಳ್ಳ ಅಳಿಸೀರಿ. ಇದು ಭಾಳ ದೊಡ್ಡ ಮಾತಾತು, ಭಟ್ರ.”

ಮಂಜಪ್ಪನಿಗೆ ಹೇಳಿದ ಮಾತು ಓಣಿಗೆ ಹೇಳಿದ ಹಾಗೆಯೇ. ಹತ್ತು ಗಂಟೆಯೊಳಗೆ ಓಣಿ ಎರಡು ಪಕ್ಷವಾಯಿತು. ಭಟ್ಟರು ಕಂಡದ್ದನ್ನೇ ಬರೆದು ಈಗ ಹೆಸರಿನ ಆಸೆಗೆ ತನ್ನದು ಅನ್ನುತ್ತಿದ್ದಾರೆ ಅಂತ ಒಂದು ಪಕ್ಷ. ಇಲ್ಲದ ಸಾವನ್ನು ಹುಟ್ಟಿಸಿ ಜನರಿಗೆ ಮೋಸ ಮಾಡಿದ್ದಾರೆ ಅಂತ ಇನ್ನೊಂದು. ಚಹಾದಂಗಡಿಯ ಕೆರಿಯ, ಹೆಂಡತಿ ಗುರುವಾರದಿಂದ ಸಪ್ಪೆ ಅಡುಗೆ ಮಾಡುತ್ತಿದ್ದಾಳೆಂದು ದೂರು ತಂದ. ಕಳ್ಳನೋ ಸುಳ್ಳನೋ ಎಂಬುದಷ್ಟೇ ಚರ್ಚೆ. ಒಬ್ಬ ಮನುಷ್ಯ ಕೂತು ಒಂದು ಕತೆ ಬರೆದಿರಬಹುದು ಎಂಬ ಮೂರನೆಯ ಪಕ್ಷಕ್ಕೆ ರಘುಪತಿಯೊಬ್ಬನೇ ಇದ್ದ.

ಮಧ್ಯಾಹ್ನ ಶಾನಭಾಗರು ಬಂದರು. ಬಗಲಲ್ಲಿ ಬಟ್ಟೆಯ ಚೀಲ. ಅದನ್ನು ಮೇಜಿನ ಮೇಲೆ ಬೋರಲು ಹಾಕಿದರೆ ಪೋಸ್ಟ್ ಕಾರ್ಡುಗಳು ಸುರಿದವು.

“ನಲವತ್ತೊಂದು,” ಅಂದರು ಶಾನಭಾಗರು. “ಹನ್ನೆರಡು ವರ್ಷದಿಂದ ಪತ್ರಿಕೆ ನಡೆಸ್ತಿದ್ದೇನೆ. ಒಂದು ಕತೆಗೆ ನಾಲ್ಕಕ್ಕಿಂತ ಹೆಚ್ಚು ಕಾಗದ ಬಂದಿದ್ದು ನನಗೆ ನೆನಪಿಲ್ಲ.”

ರಘುಪತಿಗೆ ಕಾಲು ನೆಲದ ಮೇಲೆ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಅವನು ಒಂದನ್ನು ಎತ್ತಿ ಓದಿದ. ಮಂಚಿಕೇರಿಯಿಂದ ಒಬ್ಬರು ಬರೆದಿದ್ದರು: ‘ಕರೆಂಟು ಇಲ್ಲದೆ ನೋಡಲಾಗದ ಕಂತನ್ನು ತಮ್ಮ ಪತ್ರಿಕೆಯಲ್ಲಿ ಓದಿ ಮನೆಯವರೆಲ್ಲ ಅತ್ತೆವು. ಮಿಸ್ತ್ರಿಯ ಕ್ರಿಯಾಕರ್ಮದ ಬಗ್ಗೆ ಏನೂ ತೋರಿಸಲಿಲ್ಲವೇ? ತೋರಿಸಿದ್ದರೆ ದಯವಿಟ್ಟು ತಿಳಿಸಿ.’ ಹೆಗ್ಗರಣೆಯ ನಿವೃತ್ತ ಮಾಸ್ತರರೊಬ್ಬರು ಬೆನ್ನಿನ ಡಬ್ಬಿಯಲ್ಲಿ ಎಷ್ಟು ಉಸಿರು ಹಿಡಿಯುತ್ತದೆಂದು ಲೆಕ್ಕ ಮಾಡಿ, ಮಿಸ್ತ್ರಿ ಇನ್ನೂ ಐದು ನಿಮಿಷ ಬದುಕಬಹುದಿತ್ತು, ಧಾರಾವಾಹಿ ತೆಗೆದವರು ಅವಸರ ಮಾಡಿದ್ದಾರೆ ಎಂದಿದ್ದರು. ಯಲ್ಲಾಪುರದ ಅಭಿಜ್ಞಾ ಎಂಬ ಹುಡುಗಿ ಒಂದೇ ಸಾಲು ಬರೆದಿದ್ದಳು: ‘ಅವನ ಕೈಯನ್ನು ಕಂಬದಿಂದ ಹೇಗೆ ಬಿಡಿಸಿದರು?’

ಅದನ್ನು ರಘುಪತಿ ಎರಡು ಸಲ ಓದಿದ. ಇಂಥ ಓದುಗರನ್ನು ಯಾವ ಲೇಖಕ ಬೇಡ ಅನ್ನುತ್ತಾನೆ? ಆದರೆ ಕಾರ್ಡಿನ ಮೇಲೆ ಅವನ ಹೆಸರಿರಲಿಲ್ಲ. ನಲವತ್ತೊಂದರಲ್ಲಿ ಒಂದರಲ್ಲೂ ಇರಲಿಲ್ಲ.

“ಅಭಿಪ್ರಾಯ ಬಂಗಾರದಂಥದ್ದು,” ಅಂದರು ಶಾನಭಾಗರು. “ಯಾರ ಕತೆಯ ಬಗ್ಗೆ ಅನ್ನೋದೇ ಪ್ರಶ್ನೆ. ನೀನು ಸ್ವಂತ ಅಂತ ಕೊಟ್ಟೆ, ನಾನು ಸ್ವಂತ ಅಂತ ಹಾಕಿದೆ. ಟಿವಿಯಲ್ಲಿ ನೋಡಿ ಬರೆದದ್ದು ಅಂತಾದರೆ ನನ್ನ ಪತ್ರಿಕೆ ಮರ್ಯಾದೆ ಎಂತಾಗಬೇಕು? ಸಂಜೆಯೊಳಗೆ ನನಗೊಂದು ಸಾಕ್ಷಿ ಬೇಕು ಮಾರಾಯ.”

“ಸಾಕ್ಷಿ ಇದೆ!” ರಘುಪತಿ ಕುರ್ಚಿಯಿಂದ ಎದ್ದೇಬಿಟ್ಟ. “ಭಾನುವಾರ ನನ್ನ ಬ್ಯಾಟರಿ ಮತ್ತಿಘಟ್ಟದಲ್ಲಿತ್ತು. ಗಣಪ ಹೆಗಡೇರನ್ನ ಕೇಳಿ. ಶನಿವಾರ ಎರಡು ಗಂಟೆ ಬಸ್ಸಿಗೆ ಅವರು ಪೇಟೆಗೆ ಬಂದೇ ಬರ್ತಾರೆ.”

ಗಣಪ ಹೆಗಡೆಯವರು ಬಂದರು. ಭಾಗವತರು ಹಾಡಿದ ಪದ್ಯಕ್ಕೆ ತಾಳಮದ್ದಲೆಯಲ್ಲಿ ಕೂತು ಅರ್ಥ ಹೇಳುವುದರಲ್ಲಿ ಅವರದು ಎತ್ತಿದ ಕೈ. ಒಂದು ಪದ್ಯಕ್ಕೆ ಒಂದು ತಾಸು ಮಾತಾಡಬಲ್ಲವರು. ಅವರನ್ನು ಸ್ಟೂಲಿನ ಮೇಲೆ ಕೂರಿಸಿದರು. ಮಂಜಪ್ಪ, ಕೆರಿಯ, ದ್ಯಾವಮ್ಮ ಬಾಗಿಲಲ್ಲಿ ನಿಂತರು.

“ಹೆಗಡೇರೆ, ಬ್ಯಾಟರಿ ನಿಂಗಳ ಹತ್ರನೇ ಇತ್ತು ಅಲ್ದಾ? ಹೇಳಿ ಇವ್ಕೆ,” ಅಂದ ರಘುಪತಿ.

“ಇತ್ತು. ಇಲ್ಲೆ ಹೇಳಿ ಯಾರು ಹೇಳ್ತ? ಮೈಕು ಬೆಳಗಾಗವರೆಗೂ ಒಂದೇ ನಮೂನೆ ನಡದ್ದು. ಒಳ್ಳೆ ಬ್ಯಾಟರಿ ತಮಾ ಅದು.”

“ಕೇಳಿದ್ರಾ!” ರಘುಪತಿ ಎಲ್ಲರ ಮುಖ ನೋಡಿದ.

“ವಾಪಸ್ ಯಾವಾಗ ಕೊಟ್ಟಿರಿ ಹೆಗಡೆಯವರೆ?” ಶಾನಭಾಗರು ಕೇಳಿದರು.

“ಭಾನುವಾರ ಬೆಳಿಗ್ಗೆ ಮೊದಲನೇ ಬಸ್ಸಿಗೇ ಕೊಟ್ಟು ಕಳಿಸಿದೆ. ಮಂದಿ ಸಾಮಾನು ಇಟ್ಟುಕೊಂಡು ನನಗೆ ರೂಢಿ ಇಲ್ಲ.”

“ಹೌದು,” ಅಂದ ಕೆರಿಯ. “ಕಂಡಕ್ಟರು ಎಂಟೂವರೆಗೇ ನಮ್ಮ ಅಂಗಡೀಲಿ ಇಳ್ಸಿ ಹೋದ.”

“ಆನು ಅದನ್ನ ಸೋಮವಾರ ತಗಂಡು ಬಂದಿದ್ದು!” ರಘುಪತಿ ಕೂಗಿದ. ಕೂಗಿದ್ದರಿಂದ ಅದು ಇನ್ನೂ ಸುಳ್ಳಿನಂತೆ ಕೇಳಿತು. ಸೋಮವಾರ ನಸುಕಿನಲ್ಲಿ, ಕೆರಿಯ ಬರುವ ಮೊದಲೇ ಚಹಾದಂಗಡಿಯ ಕಟ್ಟೆಯಿಂದ ಅವನು ಅದನ್ನು ಎತ್ತಿಕೊಂಡು ಬಂದದ್ದನ್ನು ನೋಡಿದವರು ಯಾರೂ ಇರಲಿಲ್ಲ. ಎಂಟೂವರೆಗೆ ಬಂದದ್ದನ್ನು ನೋಡಿದವನು ಎದುರಿಗೇ ಇದ್ದ.

ಹೆಗಡೆಯವರಿಗೆ ಹುಡುಗನ ಮೇಲೆ ಕನಿಕರ ಬಂತು. ಅವರ ಲೆಕ್ಕದಲ್ಲಿ ನಲವತ್ತರೊಳಗಿನವರೆಲ್ಲ ಹುಡುಗರು. “ತಮಾ, ಎಂತಕ್ಕೆ ಬೇಜಾರು ಮಾಡ್ಕತ್ತೆ? ಅರ್ಥ ಹೇಳವ ಎಷ್ಟು ಬೇಕಾದ್ರೂ ಮಾತಾಡ್ಲಕ್ಕು. ಪದ್ಯ ಮಾತ್ರ ದಾಟಲಾಗ್ತಿಲ್ಲೆ. ಟೀವಿ ಪದ್ಯ, ನೀನು ಹೇಳಿದ್ದು ಅರ್ಥ. ಅದ್ರಲ್ಲಿ ಮರ್ಯಾದೆ ಹೋಪಂಥದ್ದು ಎಂತೂ ಇಲ್ಲೆ.”

“ಪದ್ಯವೂ ಯನ್ನದೇಯಾ, ಹೆಗಡೇರೆ.”

ಹೆಗಡೆಯವರು ಕವಳದ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿದರು.

ಆ ಹೊತ್ತಿಗೆ, ಹುಬ್ಬಳ್ಳಿಯಿಂದ ಬರುವ ದಿನಪತ್ರಿಕೆಯ ಮೂಲೆಯಲ್ಲಿ ಮಂಜಪ್ಪನ ಕಣ್ಣು ನಿಂತಿತು. “ಶಾನಭಾಗ್ರ, ಇಲ್ಲಿ ನೋಡ್ರಿ! ಹೋದ ಭಾನುವಾರದ ‘ವಾಯುರಥ’ ಇವತ್ತ ನಾಕು ಗಂಟೆಕ್ಕ ಇನ್ನೊಮ್ಮೆ ತೋರಸ್ತಾರಂತ!”

ರಘುಪತಿ ಎರಡೂ ಕೈ ಮೇಲೆತ್ತಿ ಮುಗಿದ. ಯಾವ ದೇವರಿಗೆ ಅಂತ ಅವನಿಗೂ ಗೊತ್ತಿರಲಿಲ್ಲ. “ಬನ್ನಿ, ಎಲ್ಲರೂ ಬನ್ನಿ. ದೊಡ್ಡ ಬಣ್ಣದ ಸೆಟ್ಟು ಹಾಕ್ತೇನೆ. ನೀವೇ ಕಣ್ಣಾರೆ ನೋಡಿ. ಅದರಲ್ಲಿ ಮಿಸ್ತ್ರಿ ಸಾಯೋದಿಲ್ಲ. ಸತ್ತರೆ ನಾನು ಇನ್ನು ಪೆನ್ನು ಹಿಡಿಯೋದಿಲ್ಲ.”

“ಸಾಯದಿದ್ದರೆ ಮುಂದಿನ ವಾರದಿಂದ ನಿನ್ನ ಕತೆ,” ಅಂದರು ಶಾನಭಾಗರು. “ದಪ್ಪ ಅಕ್ಷರದಲ್ಲಿ.”

ಮೂರೂವರೆಗೆ ಅಂಗಡಿಯಲ್ಲಿ ಇಪ್ಪತ್ತೈದು ಜನ ಸೇರಿದ್ದರು. ರಿಪೇರಿಗೆ ಬಂದ ಸೆಟ್ಟುಗಳ ಮೇಲೂ ಕೂತಿದ್ದರು. ಕರೆಂಟಿತ್ತು. ಚಿತ್ರ ಕನ್ನಡಿಯ ಹಾಗಿತ್ತು. ನಾಲ್ಕಕ್ಕೆ ಐದು ನಿಮಿಷ ಇರುವಾಗ ತಾರಸಿಯ ಮೇಲೆ ಧಡಾರೆಂದು ಸದ್ದಾಯಿತು. ಚಿತ್ರ ಹೋಗಿ ತೆರೆಯ ತುಂಬ ಅಕ್ಕಿ ಉದುರಿದ ಹಾಗೆ ಆಯಿತು.

“ಮಂಗ!” ಅಂದರು ಇಪ್ಪತ್ತೈದು ಜನ.

ರಘುಪತಿ ಮೆಟ್ಟಿಲು ಹತ್ತಿ ಓಡಿದ. ಏಳೆಂಟು ಮಂಗಗಳು ಪೇರಲೆ ಮರದಿಂದ ಅಂಟೆನಾಕ್ಕೆ, ಅಂಟೆನಾದಿಂದ ಆಚೆಯ ಮಾಡಿಗೆ ಹಾರಿ ಹೋಗಿದ್ದವು. ಕಂಬ ಹಿಡಿದಿದ್ದ ಪಟ್ಟಿ ತುಂಡಾಗಿ, ಅಂಟೆನಾ ಸೋತವನ ಹಾಗೆ ಪಕ್ಕಕ್ಕೆ ಒರಗಿತ್ತು. ಹೊಸ ಪಟ್ಟಿ ಹಾಕಲು ಹೊತ್ತಿಲ್ಲ. ಅವನು ಕಂಬವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತಿರುಗಿಸಿದ.

“ಬಂತಾ?”

“ಇಲ್ಲ! ಇನ್ನಷ್ಟು!”

“ಈಗ ಬಂತಾ?”

“ಬಂತು! ಬಂತು! ಅಲ್ಲೇ ಇರ್ಲಿ, ಅಲ್ಲಾಡ್ಬ್ಯಾಡ್ರಿ!” ಮಂಜಪ್ಪನ ದನಿ.

‘ವಾಯುರಥ’ದ ಹಾಡು ಕೆಳಗಿನಿಂದ ತೇಲಿ ಬಂತು. ರಘುಪತಿ ಹಗ್ಗವೇನಾದರೂ ಇದೆಯೇ ಅಂತ ಸುತ್ತ ನೋಡಿದ. ಒಂದು ಕೈ ಸಡಿಲಿಸಿದ್ದೇ ತಡ, ಕೆಳಗೆ ಹಾಹಾಕಾರ. “ಹೋತು! ಹೋತು! ಭಟ್ರೇ, ಹಿಡ್ಕಳ್ರಾ!” ಅವನು ಮತ್ತೆ ತಬ್ಬಿಕೊಂಡ. ಹಾಗೆ ಅರ್ಧ ತಾಸು. ಬಿಸಿಲಿಗೆ ಕಾದ ಸಿಮೆಂಟು ಬರಿಗಾಲನ್ನು ಸುಡುತ್ತಿತ್ತು. ಒಂದು ಕಾಲೆತ್ತಿ ಇನ್ನೊಂದರ ಮೇಲಿಟ್ಟ. ಆಮೇಲೆ ಅದನ್ನಿಳಿಸಿ ಇದನ್ನಿಟ್ಟ. ಹಾರಿಹೋಗದೆ ಉಳಿದಿದ್ದ ಒಂದು ಮಂಗ ಕಟ್ಟೆಯ ಮೇಲೆ ಕೂತು ಅವನನ್ನು ನೋಡುತ್ತಿತ್ತು.

ಹಿಂದಿ ಮಾತು ಅಸ್ಪಷ್ಟವಾಗಿ ಕೇಳುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಮೊದಮೊದಲು ಜನ ಗುಜುಗುಜು ಮಾಡುತ್ತಿದ್ದರು. ಬರಬರುತ್ತ ಸದ್ದು ಕಡಿಮೆಯಾಯಿತು. ಕೊನೆಗೆ ಇಪ್ಪತ್ತೈದು ಜನ ಇರುವ ಅಂಗಡಿಯಲ್ಲಿ ಯಾರೂ ಇಲ್ಲವೇನೋ ಎಂಬಷ್ಟು ಮೌನ. ಅದರ ನಡುವೆ ದ್ಯಾವಮ್ಮನ ಬಿಕ್ಕು ಕೇಳಿತು.

ರಘುಪತಿಗೆ ಒಂದೇ ಸಲಕ್ಕೆ ಸಂತೋಷವೂ ನಾಚಿಕೆಯೂ ಆಯಿತು. ಮಿಸ್ತ್ರಿ ಬದುಕಿರುವುದನ್ನು ಕಂಡು ಮುದುಕಿ ಅಳುತ್ತಿದ್ದಾಳೆ. ಪಾಪ, ಎರಡು ದಿನ ಅನ್ನ ಬಿಟ್ಟಿದ್ದಳು. ಇನ್ನು ಅವಳನ್ನು ಹೀಗೆ ನೋಯಿಸಬಾರದು, ಮುಂದಿನ ವಾರ ನಗುವಂಥದ್ದೇನಾದರೂ ಬರೆಯಬೇಕು ಅಂದುಕೊಂಡ. ದಪ್ಪ ಅ‌ಕ್ಷರದಲ್ಲಿ ‘ರಘುಪತಿ ಭಟ್ಟ’ ಎಂಬುದು ಕಣ್ಣೆದುರು ಬಂತು. ಕೈ ಮರಗಟ್ಟಿದ್ದೂ ಅವನಿಗೆ ಗೊತ್ತಾಗಲಿಲ್ಲ.

“ಸಾಕು, ಇಳೀರಿ ಭಟ್ರ,” ಅಂತ ಕೆಳಗಿನಿಂದ ಮಂಜಪ್ಪ ಕರೆದ. ದನಿ ಭಾರವಾಗಿತ್ತು.

ಅವನು ಇಳಿದು ಬಂದಾಗ ಎಲ್ಲರೂ ಎದ್ದು ನಿಂತಿದ್ದರು. ಕೆರಿಯ ತಲೆಯ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದಿದ್ದ. ಮಂಜಪ್ಪನ ಕೈಯಲ್ಲಿ ‘ಮೂರುದಾರಿ’ಯ ಪುಟ, ಸಾಲುಸಾಲಿಗೂ ಸೀಮೆಸುಣ್ಣದ ಗೆರೆ. ಬಟ್ಟೆಗೆ ಗುರುತು ಹಾಕುವ ಅದೇ ಸುಣ್ಣ.

“ಪೂರಾ ಹೊಂದ್ತದ, ಭಟ್ರ,” ಅಂದ ಮಂಜಪ್ಪ. “ಅವ ಹತ್ತಿದ್ದು, ಕಂಬ ತಬ್ಬಿದ್ದು, ಹುಡುಗ್ರನ್ನ ಒಳಗ ನೂಕಿದ್ದು. ಒಂದು ಗೆರಿ ಆಚೀಚಿ ಆಗಿಲ್ಲ.”

“ಎಂತದು?”

“ಸತ್ತೋದ ಕಾಣ್ರಾ,” ಅಂದಳು ದ್ಯಾವಮ್ಮ. “ಕಂಬ ಹಿಡ್ಕಂಡೇ ಸತ್ತ.”

ರಘುಪತಿ ಶಾನಭಾಗರ ಕಡೆ ನೋಡಿದ. ಅಲ್ಲಿದ್ದವರಲ್ಲಿ ಹಿಂದಿ ಚೆನ್ನಾಗಿ ಬಲ್ಲವರು ಅವರೊಬ್ಬರೇ. ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. “ಅವನು ಮೇಲಿಂದ ‘ಆಯಾ ಕ್ಯಾ?’ ಅಂತ ಕೇಳ್ತಾನೆ. ನೀನು ‘ಬಂತಾ?’ ಅಂತ ಬರೆದಿದ್ದೀಯ. ಅನುವಾದ ಚೆನ್ನಾಗಿದೆ, ರಘುಪತಿ.”

ಅವನು ಸ್ಟೂಲಿನ ಮೇಲೆ ಕುಸಿದ. ಬೊಂಬಾಯಿಯಲ್ಲೋ ದಿಲ್ಲಿಯಲ್ಲೋ ಒಬ್ಬ ಇದ್ದಾನೆ. ಅವನೂ ಎಂದೋ ಯಾರದೋ ತಾರಸಿಯ ಮೇಲೆ ಅಂಟೆನಾ ಹಿಡಿದು ನಿಂತಿದ್ದಿರಬೇಕು, ಕೆಳಗಿನವರ ಮಾತಿಗೆ ಕಿವಿಗೊಟ್ಟು. ಆ ಮನುಷ್ಯನ ಮೇಲೆ ರಘುಪತಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಸಿಕ್ಕಿದ್ದರೆ ಒಂದು ಲೋಟ ಚಹಾ ಕೊಡಿಸುತ್ತಿದ್ದ. ಆದರೆ ಇದನ್ನು ಅಲ್ಲಿ ಯಾರಿಗೆ ಹೇಳಿದರೂ ನಂಬುವ ಹಾಗಿರಲಿಲ್ಲ.

“ಯನಗೆ ಖುಷಿ ಆತು ತಮಾ,” ಅಂದರು ಹೆಗಡೆಯವರು. “ಪದ್ಯ ಒಂಚೂರೂ ದಾಟಿದ್ದಿಲ್ಲೆ ನೀನು. ಅಡ್ಡಿಲ್ಲೆ.” ಅವರ ಬಾಯಲ್ಲಿ ಅಡ್ಡಿಲ್ಲೆ ಅನ್ನಿಸಿಕೊಳ್ಳಲು ಮೂವತ್ತು ವರ್ಷ ಅರ್ಥ ಹೇಳಿದವರೂ ಕಾದಿದ್ದರು.

ಬೆಳಿಗ್ಗೆಯಿಂದ ಎರಡಾಗಿದ್ದ ಓಣಿ ಒಂದಾಯಿತು. ಭಟ್ಟರು ಸುಳ್ಳು ಬರೆದವರಲ್ಲ. ಬೆಳಿಗ್ಗೆ ಏನೋ ತನ್ನದು ಅಂತ ಒದರಾಡಿದರು, ಹೆಸರಿನ ಆಸೆ ಯಾರಿಗಿಲ್ಲ, ಬಿಡಿ. ಕೆರಿಯ ಎಲ್ಲರಿಗೂ ಚಹಾ ತಂದ. ಶಾನಭಾಗರು ಗಡಿಯಾರ ನೋಡಿದರು. ಐದಕ್ಕೆ ಹತ್ತು ನಿಮಿಷ.

“ಸ್ವಂತ ಕತೆಯ ಮಾತು ಬಿಡುವ,” ಅಂದರು. “ನೀನೇ ಪೆನ್ನು ಹಿಡಿಯೋದಿಲ್ಲ ಅಂದಿದ್ದೀಯ. ಆದರೆ ನಲವತ್ತೊಂದು ಕಾಗದ ಬಂದ ಮೇಲೆ ನಿನ್ನನ್ನು ಬಿಡೋದಕ್ಕೂ ಆಗೋದಿಲ್ಲ. ಇನ್ನು ಪ್ರತಿ ವಾರ ಆಯಾ ಕಂತು ಬರೆದುಕೊಡು, ಕರೆಂಟು ಹೋದವರಿಗೆ ಅನುಕೂಲ. ಹೀಗೇ ಇರಲಿ. ಇದ್ದದ್ದು ಇದ್ದ ಹಾಗೆ, ನಿನ್ನದು ಅಂತ ಒಂದು ಶಬ್ದ ಸೇರಬಾರದು. ಹೆಸರು ಬೇಡ, ‘ನಮ್ಮ ವರದಿಗಾರರಿಂದ’ ಅಂತ ಹಾಕ್ತೇನೆ.”

ಎಲ್ಲರೂ ತಲೆಯಾಡಿಸಿದರು. ಓಣಿಯ ಒಬ್ಬನಿಗೆ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತೆಂದು ದ್ಯಾವಮ್ಮ ಕೈ ಮುಗಿದಳು.

“ಆ ಕಂತಲ್ಲಿ ಸರಿಯಾಗಿ ಎಂತ ಆಯ್ತು ಅಂತ ಯಾರಾದ್ರೂ ಹೇಳ್ತೀರಾ?” ರಘುಪತಿ ಕೇಳಿದ. “ನಾನು ಒಂದ್ಸಲವೂ ನೋಡಿಲ್ಲ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿಸಿಲು ತಲೆಗೆ ಹತ್ತಿರಬೇಕು ಅಂದುಕೊಂಡ ಮಂಜಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. “ಆತ್ರಿ, ನೋಡಿಲ್ಲ. ಕುಂದರ್ರಿ, ಎಲ್ಲಾ ಇದ್ರಾಗ ಐತಿ, ನಾ ಓದ್ತೀನಿ.” ಅವನು ಪತ್ರಿಕೆ ಬಿಡಿಸಿ, ಗಂಟಲು ಸರಿಮಾಡಿಕೊಂಡು, ರಘುಪತಿಗೆ ಅವನದೇ ಕತೆಯನ್ನು ಮೊದಲಿನಿಂದ ಓದಲು ಶುರು ಮಾಡಿದ. ಹೊರಟಿದ್ದವರೂ ಮತ್ತೊಮ್ಮೆ ಕೇಳಲು ನಿಂತರು. ಓದು ಚೆನ್ನಾಗಿತ್ತು. ಮಿಸ್ತ್ರಿ ಎರಡನೆಯ ಸಲ “ಬಂತಾ?” ಅನ್ನುವಲ್ಲಿ ಮಂಜಪ್ಪ ಸ್ವಲ್ಪ ನಿಂತು, “ಕಪ್ತಾನನ ಕಣ್ಣಿನಿಂದ ಒಂದು ಹನಿ ಕೆಳಗೆ ಬಿತ್ತು,” ಎಂದು ಸೇರಿಸಿದ.

“ಅದು ಅಲ್ಲಿಲ್ಲ,” ಅಂದ ರಘುಪತಿ. “ಕಪ್ತಾನ ಅಳೋದಿಲ್ಲ. ನಾನು ಹಾಗೆ ಬರೆದಿಲ್ಲ.”

“ನೀವು ಸುಮ್ಕಿರ್ರಿ ಭಟ್ರ,” ಅಂದ ಮಂಜಪ್ಪ, ಪುಟದಿಂದ ಕಣ್ಣೆತ್ತದೆ. “ನಿಮ್ಮದು ಸಣ್ಣ ಸೆಟ್ಟು, ಕಂಡಿರಂಗಿಲ್ಲ. ನಾವು ದೊಡ್ಡದ್ರಾಗ ನೋಡೀವಿ.”